ಅಟ್ಟವನ್ನು ಉಪ್ಪರಿಗೆ ಮಾಡುವ ಮುನ್ನ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಊರಿನ ಮನೆಯ ಅಟ್ಟ ಇಡೀ ಖಾಲಿ ಬಿದ್ದಿದೆಯಲ್ಲ, ಅದರಲ್ಲಿ ಎರಡು ಕೋಣೆ ಮಾಡಿಸಿದರೆ ಹೇಗೆ?" ನೇಮಕ್ಕೆ, ಮದುವೆಗೆ, ಚೌತಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ಒಟ್ಟಿಗೆ ಹೋದರೆ ಕೆಳಗೆ ಮಲಗಲು ಜಾಗ ಸಾಲುವುದಿಲ್ಲ. ಸೊಸೆಯಂದಿರಿಗೆ ಬಟ್ಟೆ ಬದಲಾಯಿಸಲು ಒಂದು ಕೋಣೆ ಬೇಕು. ಮೊಮ್ಮಕ್ಕಳಿಗೆ ಫ್ಯಾನು ಬೇಕು. ತಲೆಯೆತ್ತಿ ನೋಡಿದರೆ ಮುಚ್ಚಿಗೆಯ ಮೇಲೆ ಮನೆಯಷ್ಟೇ ಉದ್ದಗಲದ ಜಾಗ ಸುಮ್ಮನೆ ಕುಳಿತಿದೆ. ಹಾಗಾಗಿ ಈ ಯೋಚನೆ ಬರುವುದು ಸಹಜವೇ.

ಇವತ್ತಿನ ಮಾತು ಈ ಯೋಚನೆಯ ಬಗ್ಗೆ. ಅಟ್ಟವನ್ನು ವಾಸದ ಕೋಣೆ ಮಾಡಿಸಬೇಕೇ, ಬೇಡವೇ ಎಂದು ನಿರ್ಧರಿಸುವುದು ಹೇಗೆ? ಆಚಾರಿಯನ್ನೋ ಮೇಸ್ತ್ರಿಯನ್ನೋ ಕರೆಸುವ ಮುಂಚೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಯಾವುವು?

ಮೊದಲು ಎರಡು ಶಬ್ದಗಳನ್ನು ಬೇರೆ ಮಾಡಿಕೊಳ್ಳೋಣ. ನಮ್ಮ ಹಿರಿಯರು ಅಟ್ಟ ಎಂದರು, ಉಪ್ಪರಿಗೆ ಎಂದರು. ಎರಡೂ ಮೇಲೆಯೇ ಇರುವುದಾದರೂ ಎರಡೂ ಒಂದೇ ಅಲ್ಲ. ಉಪ್ಪರಿಗೆ ಎಂದರೆ ಮನುಷ್ಯರು ವಾಸಿಸಲೆಂದು ಕಟ್ಟಿದ ಮೇಲಂತಸ್ತು. ಅದಕ್ಕೆ ಗೋಡೆ ಎತ್ತರವಾಗಿರುತ್ತದೆ, ಕಿಟಕಿ ಇರುತ್ತದೆ, ಸರಿಯಾದ ಮೆಟ್ಟಿಲು ಇರುತ್ತದೆ. ಅಟ್ಟವೆಂದರೆ ಮುಚ್ಚಿಗೆಗೂ ಹಂಚಿಗೂ ನಡುವೆ ಉಳಿದ ಜಾಗ. ಅಲ್ಲಿಗೆ ಹೋಗಲು ಏಣಿ ಸಾಕು. ಉಪ್ಪರಿಗೆ ಇದ್ದವರು ಅದನ್ನು ದುರಸ್ತಿ ಮಾಡಿಸುವುದು ಒಂದು ವಿಷಯ. ಅಟ್ಟವನ್ನು ಉಪ್ಪರಿಗೆ ಮಾಡಹೊರಡುವುದು ಬೇರೆಯೇ ವಿಷಯ. ನಾನು ಮಾತನಾಡುತ್ತಿರುವುದು ಈ ಎರಡನೆಯದರ ಬಗ್ಗೆ.

ಮುಂಬಯಿಯ ನಮಗೆ ಖಾಲಿ ಜಾಗ ಕಂಡರೆ ಮನಸ್ಸು ತಡೆಯುವುದಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮಲಗಲು ಚಾಳಿನ ಕೋಣೆಯ ಮಾಳಾ ಹತ್ತಿದವರು. ಬೆನ್ನು ನೇರ ಮಾಡಲಾಗದ ಆ ಮಾಳಾದಲ್ಲಿಯೇ ಒಬ್ಬೊಬ್ಬರ ಟ್ರಂಕು, ಚಾಪೆ, ಪುಸ್ತಕ ಎಲ್ಲವೂ ಇರುತ್ತಿತ್ತು. ಈ ನಗರದಲ್ಲಿ ಚದರಡಿಗೆ ಬೆಲೆ ಇದೆ, ತಲೆಯ ಮೇಲಿನ ಗಾಳಿಗೂ ಬೆಲೆ ಇದೆ. ಆ ಲೆಕ್ಕವನ್ನೇ ನಾವು ಊರಿಗೂ ಒಯ್ಯುತ್ತೇವೆ. ಆದರೆ ಊರಿನಲ್ಲಿ ಇವತ್ತು ಕೊರತೆ ಇರುವುದು ಜಾಗಕ್ಕಲ್ಲ, ಜನಕ್ಕೆ. ಇದೊಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸುಲಭವಾಗುತ್ತವೆ.

ಅಟ್ಟ ನಿಜವಾಗಿಯೂ ಖಾಲಿಯೇ? ಅದು ಏನು ಕೆಲಸ ಮಾಡುತ್ತಿತ್ತು ಎಂದು ಸ್ವಲ್ಪ ನೋಡೋಣ. ಅಕ್ಕಿಯ ಮುಡಿ, ತೆಂಗಿನಕಾಯಿ, ಮಳೆಗಾಲಕ್ಕೆ ಬೇಕಾದ ಹಪ್ಪಳ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ, ಮದುವೆ ಮುಂಜಿಗೆ ಮಾತ್ರ ಇಳಿಯುವ ಹಂಡೆ, ಕಡಾಯಿ. ಇವೆಲ್ಲ ಇದ್ದದ್ದು ಅಲ್ಲಿ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ನಾವು ಗಮನಿಸದ ಮೂರು ಕೆಲಸಗಳನ್ನು ಅಟ್ಟ ಮಾಡುತ್ತಿತ್ತು, ಈಗಲೂ ಮಾಡುತ್ತಿದೆ.

ಒಂದು, ಸೆಖೆ ತಡೆಯುವುದು. ಹಂಚು ಹೀರಿದ ಬಿಸಿಲಿನ ಕಾವು ನೇರ ಕೆಳಗಿನ ಕೋಣೆಗೆ ಇಳಿಯದಂತೆ ಅಟ್ಟದ ಗಾಳಿ ನಡುವೆ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಮುಚ್ಚಿಗೆಯ ಹಲಗೆಯ ಮೇಲೆ ಮಣ್ಣು ಹಾಸುವ ಕ್ರಮವಿತ್ತು. ಕೆಳಗೆ ಮಲಗಿದವನಿಗೆ ಎಪ್ರಿಲ್ ಮೇ ತಿಂಗಳಲ್ಲೂ ತಂಪೆನಿಸಲು ಆ ಮಣ್ಣೂ ಒಂದು ಕಾರಣ.

ಎರಡು, ಹೊಗೆ. ಒಲೆಯ ಹೊಗೆ ಅಟ್ಟಕ್ಕೆ ಏರಿ, ಪಕ್ಕಾಸು ರೀಪುಗಳನ್ನು ಸವರಿ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮರ ಕಪ್ಪಾದರೂ ಒಣಗಿರುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಈಗ ಅಡುಗೆಗೆ ಗ್ಯಾಸ್ ಬಂದಿದೆ. ಅಮ್ಮಂದಿರ ಕಣ್ಣಿಗೂ ಶ್ವಾಸಕ್ಕೂ ಅದು ಒಳ್ಳೆಯದೇ ಆಯಿತು. ಆದರೆ ಮರಕ್ಕಿದ್ದ ಕಾವಲು ಹೋಯಿತು. ಗೆದ್ದಲು, ಕುಟ್ಟೆ ಹಿಡಿಯುವ ಸಾಧ್ಯತೆ ಹೆಚ್ಚಿತು.

ಮೂರು, ಮಾಡಿನ ಕಾವಲು. ಇದು ಎಲ್ಲಕ್ಕಿಂತ ಮುಖ್ಯ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಕಡೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಮಂಗಳೂರು ಹಂಚಿನ ಗುಣವೇನೆಂದರೆ, ಅದನ್ನು ರೀಪಿನ ಮೇಲೆ ಒಂದಕ್ಕೊಂದು ಕಚ್ಚಿಸಿ ಇಡುತ್ತಾರೆ, ಅಂಟಿಸುವುದಿಲ್ಲ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆ ಇಡಬಹುದು. ಅದೇ ಕಾರಣಕ್ಕೆ ಮಂಗ ಹಾರಿದರೆ, ತೆಂಗಿನ ಗರಿ ಬಿದ್ದರೆ, ಜೋರು ಗಾಳಿ ಬೀಸಿದರೆ ಹಂಚು ಸರಿಯುತ್ತದೆ, ಒಡೆಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಎಲ್ಲಿ ಸೋರುತ್ತಿದೆ ಎಂದು ಅಟ್ಟಕ್ಕೆ ಹೋಗಿ ಟಾರ್ಚು ಬಿಟ್ಟರೆ ಕೂಡಲೇ ಕಾಣುತ್ತದೆ. ಹಗಲಾದರೆ ಟಾರ್ಚೂ ಬೇಡ, ಸರಿದ ಹಂಚಿನ ಸಂದಿಯಿಂದ ಬೆಳಕೇ ತೋರಿಸಿಕೊಡುತ್ತದೆ. ಕೆಳಗಿನಿಂದ ಕೈಹಾಕಿ ಹಂಚನ್ನು ಸರಿಪಡಿಸಲೂಬಹುದು. ಹೀಗೆ ಅಟ್ಟ ಎಂಬುದು ಮಾಡನ್ನು ನೋಡಿಕೊಳ್ಳುವ ಜಾಗ.

ಈಗ ಕೋಣೆ ಮಾಡುವುದೆಂದರೆ ಏನು? ಹಂಚಿನ ಕೆಳಗೆ ಸೀಲಿಂಗ್ ಹೊಡೆಯುವುದು. ಅಂದರೆ ಮಾಡಿನ ಒಳಮೈಯನ್ನು ಕಣ್ಣಿನಿಂದ ಮರೆಮಾಡುವುದು. ಆಮೇಲೆ ಹಂಚು ಸರಿದರೆ ನೀರು ಸೀಲಿಂಗಿನ ಮೇಲೆ ಬೀಳುತ್ತದೆ, ಅಲ್ಲಿಂದ ಪಕ್ಕಾಸಿನಗುಂಟ ಹರಿದು ಗೋಡೆಯ ತಲೆಗೆ ಇಳಿಯುತ್ತದೆ. ನಮಗೆ ಕಲೆ ಕಾಣುವ ಹೊತ್ತಿಗೆ ಮರ ಎರಡು ಮಳೆಗಾಲ ನೆನೆದಿರುತ್ತದೆ. ಊರಿನಲ್ಲಿ ದಿನವೂ ಇರುವವರಿಗೇ ಇದು ತಿಳಿಯುವುದು ಕಷ್ಟ. ವರ್ಷಕ್ಕೆ ಎರಡು ಸಲ ಹೋಗುವ ನಮಗೆ ತಿಳಿಯುವುದು ಹೇಗೆ?

ಆದ್ದರಿಂದ ಮೊದಲ ಪ್ರಶ್ನೆ ಅಳತೆಯದ್ದಲ್ಲ, ಹಣದ್ದೂ ಅಲ್ಲ. ಆ ಕೋಣೆಯಲ್ಲಿ ಮಲಗುವವರು ಯಾರು, ವರ್ಷದಲ್ಲಿ ಎಷ್ಟು ರಾತ್ರಿ? ಬಾಯಲ್ಲಿ ಹೇಳಬೇಡಿ, ಕ್ಯಾಲೆಂಡರ್ ಎದುರಿಟ್ಟುಕೊಂಡು ಗುರುತು ಹಾಕಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಸುರುವಾದ ಮೇಲೆ ಊರು ಹತ್ತಿರವಾಯಿತು. ಸಂಜೆ ಹತ್ತಿ ಕುಳಿತರೆ ಬೆಳಿಗ್ಗೆ ಊರು. ಆದರೆ ದಾರಿ ಹತ್ತಿರವಾದಂತೆ ನಮ್ಮ ವಾಸವೂ ಗಿಡ್ಡವಾಯಿತು. ತಿಂಗಳುಗಟ್ಟಲೆ ರಜೆಗೆ ಹೋಗುತ್ತಿದ್ದವರು ಈಗ ನಾಲ್ಕು ದಿನಕ್ಕೆ ಹೋಗಿ ಬರುತ್ತೇವೆ. ವರ್ಷಕ್ಕೆ ಮೂರು ಸಲ ನಾಲ್ಕು ನಾಲ್ಕು ದಿನ ಎಂದಿಟ್ಟುಕೊಳ್ಳಿ, ಹನ್ನೆರಡು ರಾತ್ರಿ. ಉಳಿದ 353 ರಾತ್ರಿ ಆ ಕೋಣೆಗಳು ಬಾಗಿಲು ಮುಚ್ಚಿರುತ್ತವೆ. ಮುಚ್ಚಿದ ಕೋಣೆ ಆಷಾಢದ ಮಳೆಯಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಹಾಸಿಗೆಗೆ ಬೂಷ್ಟು, ಕಪಾಟಿಗೆ ಗೆದ್ದಲು, ಮೂಲೆಯಲ್ಲಿ ಇಲಿ. ಹಂಚಿಗೂ ಸೀಲಿಂಗಿಗೂ ನಡುವಿನ ಸಂದಿಯಲ್ಲಿ ಬಾವಲಿ, ಕಬ್ಬೆಕ್ಕು ಮನೆ ಮಾಡುತ್ತವೆ.

ಇನ್ನೂ ಒಂದು ಪ್ರಶ್ನೆ ಇದರ ಒಳಗೇ ಇದೆ. ಆ ಕೋಣೆಗಳನ್ನು ಗುಡಿಸುವವರು ಯಾರು? ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಅಮ್ಮ, ಇಲ್ಲವೆ ದೊಡ್ಡಮ್ಮ, ಇಲ್ಲವೆ ಮದುವೆಯಾಗದೆ ಉಳಿದ ಮಾವ. ಅವರಿಗೆ ಕೆಳಗಿನ ಚಾವಡಿ ಗುಡಿಸುವುದೇ ದೊಡ್ಡ ಕೆಲಸ. ನಾವು ಪ್ರೀತಿಯಿಂದ ಮಾಡಿಸಿದ ಎರಡು ಕೋಣೆ ಅವರಿಗೆ ಹೊರೆಯಾಗಬಾರದು. "ಮಕ್ಕಳು ಬರುತ್ತಾರೆ" ಎಂದು ಅವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿಯೇ ಹತ್ತುತ್ತಾರೆ. ನಾವು ಬೇಡವೆಂದರೂ ಕೇಳುವುದಿಲ್ಲ.

ಎರಡನೆಯ ಪ್ರಶ್ನೆ ಎತ್ತರದ್ದು. ಕೆಳಗಿನಿಂದ ನೋಡಿದರೆ ಅಟ್ಟ ದೊಡ್ಡದಾಗಿ ಕಾಣುತ್ತದೆ. ಅಳತೆ ಟೇಪು ಹಿಡಿದರೆ ಬೇರೆಯೇ ಕಥೆ. ಒಂದು ಮನೆಯ ಲೆಕ್ಕ ಹಾಕೋಣ. ಮನೆಯ ಅಗಲ 24 ಅಡಿ, ಉದ್ದ 30 ಅಡಿ. ಎರಡೂ ಬದಿಯಿಂದ ಮಾಡು ಒಂದಡಿಗೆ ಎಂಟೂವರೆ ಇಂಚಿನಂತೆ ಏರುತ್ತದೆ. ಮಾಡು ಅಟ್ಟದ ನೆಲದ ಮಟ್ಟದಿಂದಲೇ ಏರುತ್ತಿದ್ದರೆ ನಟ್ಟ ನಡುವೆ ಸಿಗುವ ಎತ್ತರ ಎಂಟೂವರೆ ಅಡಿ. ಆರಡಿ ಎತ್ತರದ ಮನುಷ್ಯ ತಲೆ ತಗಲದಂತೆ ನಿಲ್ಲಬಲ್ಲ ಜಾಗ ನಡುವಿನ ಏಳಡಿ ಪಟ್ಟಿ ಮಾತ್ರ. ಅಂದರೆ ನಾವು 720 ಚದರಡಿ ಎಂದುಕೊಂಡ ಅಟ್ಟದಲ್ಲಿ ನಡೆದಾಡಲು ಸಿಗುವುದು 210 ಚದರಡಿ. ಅದರಲ್ಲೂ ಅಡ್ಡತೊಲೆಗಳು ಎದೆಮಟ್ಟಕ್ಕೆ ಬಂದರೆ ಮತ್ತಷ್ಟು ಕಡಿಮೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತು ಅಡಿ ಎತ್ತರ ಬೇಕೆನ್ನುತ್ತದೆ. ಇಳಿಜಾರು ಮಾಡಾದರೆ ಸರಾಸರಿ ಎತ್ತರ ಅಷ್ಟಿರಬೇಕು. ಸಾಮಾನು ಇಡುವ ಅಟ್ಟಕ್ಕೆ ಅದೇ ಸಂಹಿತೆ ಹೇಳುವ ಗರಿಷ್ಠ ಎತ್ತರ ಒಂದೂವರೆ ಮೀಟರ್. ನಮ್ಮ ಲೆಕ್ಕದ ಮನೆಯಲ್ಲಿ ಆ ಏಳಡಿ ಪಟ್ಟಿಯ ಸರಾಸರಿಯೇ ಏಳೂಕಾಲು ಅಡಿ. ಅಂಥ ಅಟ್ಟದಲ್ಲಿ ಮಕ್ಕಳು ಆಡಬಹುದು, ದೊಡ್ಡವರು ಒಂದು ರಾತ್ರಿ ಚಾಪೆ ಹಾಸಿ ಮಲಗಬಹುದು. ಅದು ಕೋಣೆಯಾಗುವುದಿಲ್ಲ. ಕೋಣೆಯಾಗಬೇಕಾದರೆ ಗೋಡೆಯನ್ನು ಮೂರು ನಾಲ್ಕು ಅಡಿ ಏರಿಸಬೇಕು, ಗೋಡೆ ಏರಿಸಬೇಕಾದರೆ ಮಾಡನ್ನು ಪೂರ್ತಿ ಬಿಚ್ಚಬೇಕು. ಆಗ ಅದು ಅಟ್ಟದ ಕೆಲಸವಲ್ಲ, ಅರ್ಧ ಹೊಸ ಮನೆಯ ಕೆಲಸ. ಖರ್ಚನ್ನೂ ಹಾಗೆಯೇ ಲೆಕ್ಕ ಹಾಕಬೇಕು.

ಮೂರನೆಯದು ಭಾರ. ಅಟ್ಟದಲ್ಲಿ ಅಕ್ಕಿಮುಡಿ ಇಡುತ್ತಿದ್ದರು, ಅಷ್ಟು ಭಾರ ತಡೆದದ್ದು ನಾಲ್ಕು ಜನರನ್ನು ತಡೆಯದೇ ಎಂದು ಕೇಳುವವರಿದ್ದಾರೆ. ಮುಡಿಗಳನ್ನು ಗೋಡೆಯ ಬದಿಗೆ, ದಪ್ಪ ತೊಲೆಯ ಮೇಲೆ ಜೋಡಿಸುತ್ತಿದ್ದರು, ಅವು ಓಡಾಡುತ್ತಿರಲಿಲ್ಲ. ವಾಸದ ಕೋಣೆಯ ನೆಲ ಚದರ ಮೀಟರಿಗೆ 200 ಕಿಲೋ ಭಾರ ಹೊರುವಂತಿರಬೇಕು ಎಂಬುದು ಭಾರತೀಯ ಮಾನಕದ ಲೆಕ್ಕ. ಹತ್ತಡಿಗೆ ಹನ್ನೆರಡಡಿಯ ಕೋಣೆಗೆ ಅದು ಎರಡು ಟನ್ನಿಗೂ ಮಿಕ್ಕಿ ಆಗುತ್ತದೆ. ಇದರ ಮೇಲೆ "ಹಲಗೆ ಬೇಡ, ಟೈಲ್ಸ್ ಹಾಕಿಸೋಣ" ಎಂದು ಎರಡಿಂಚು ಕಾಂಕ್ರೀಟು ಸುರಿಸಿದರೆ ಇನ್ನೂ ಒಂದು ಟನ್ನಿಗಿಂತ ಹೆಚ್ಚು. ಮೇಲೆ 500 ಲೀಟರಿನ ನೀರಿನ ಟ್ಯಾಂಕು ಇಟ್ಟರೆ ಅರ್ಧ ಟನ್ನು. ಗೋಡೆ ಮುರಕಲ್ಲಿನದೋ ಮಣ್ಣಿನದೋ? ಜಂತಿ ಹಲಸಿನದೋ, ಬೋಗಿಯದೋ, ಆಮೇಲೆ ಎಂದೋ ಬದಲಾಯಿಸಿದ ತೆಂಗಿನ ಮರದ್ದೋ? ಗೋಡೆಯೊಳಗೆ ಹುದುಗಿದ ಜಂತಿಯ ತುದಿ ಗಟ್ಟಿ ಇದೆಯೋ? ಕೊಳೆಯುವುದು ಮೊದಲು ಅಲ್ಲಿಯೇ. ಚೂರಿಯ ತುದಿಯಿಂದ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಇಳಿದರೆ ಮರ ಸತ್ತಿದೆ ಎಂದೇ ಅರ್ಥ. ಅನುಭವಿ ಆಚಾರಿಯೊಬ್ಬರು, ಜೊತೆಗೆ ಒಬ್ಬ ಸಿವಿಲ್ ಎಂಜಿನಿಯರ್, ಇಬ್ಬರೂ ನೋಡಿದ ಮೇಲೆಯೇ ಮುಂದಿನ ಮಾತು. ಇಬ್ಬರಿಗೂ ಕೆಲಸದ ಗುತ್ತಿಗೆ ಕೊಡುವ ಮಾತನ್ನು ಮೊದಲೇ ಆಡಬೇಡಿ. ನೋಡಿ ಹೇಳಿದ್ದಕ್ಕೆ ಬೇರೆ ದುಡ್ಡು ಕೊಡಿ. ಆಗ ಬರುವ ಅಭಿಪ್ರಾಯವೇ ಬೇರೆ.

ನಾಲ್ಕನೆಯದು ಸೆಖೆ. ನಾವು ಊರಿಗೆ ಹೆಚ್ಚಾಗಿ ಹೋಗುವುದು ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ನೇಮ, ಬ್ರಹ್ಮಕಲಶ ಎಲ್ಲ ಆಗ. ಅಟ್ಟ ಅತಿ ಹೆಚ್ಚು ಕಾಯುವುದೂ ಆಗಲೇ. ಕಾದ ಹಂಚು ಸೂರ್ಯ ಮುಳುಗಿದ ಮೇಲೂ ಕಾವು ಇಳಿಸುತ್ತಲೇ ಇರುತ್ತದೆ. ಫ್ಯಾನು ಹಾಕಿದರೆ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಎ.ಸಿ. ಹಾಕಿಸೋಣವೆಂದರೆ ಹಂಚಿನ ಮಾಡು ಉಸಿರಾಡುವ ಮಾಡು. ಸಂದಿಗಳನ್ನೆಲ್ಲ ಮುಚ್ಚದೆ ತಂಪು ನಿಲ್ಲುವುದಿಲ್ಲ. ಮುಚ್ಚಿದರೆ ಮಳೆಗಾಲದಲ್ಲಿ ಮರಕ್ಕೆ ಗಾಳಿ ಇಲ್ಲ. ಹೀಗಾಗಿ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಖರ್ಚಿನ ಮಾತಾಡುವ ಮುಂಚೆ ಮೇ ತಿಂಗಳ ಒಂದು ರಾತ್ರಿ ಅಟ್ಟದಲ್ಲಿ ಚಾಪೆ ಹಾಸಿ ನೀವೇ ಮಲಗಿ ನೋಡಿ. ಜುಲೈಯ ಒಂದು ಜಡಿಮಳೆಯ ದಿನ ಯಾರಾದರೊಬ್ಬರು ಮೇಲೆ ಹೋಗಿ ಅರ್ಧ ಗಂಟೆ ಕುಳಿತು ನೋಡಲಿ. ಈ ಎರಡು ಪರೀಕ್ಷೆಗೆ ಕಾಸು ಖರ್ಚಿಲ್ಲ.

ಐದನೆಯದು ಮೆಟ್ಟಿಲು. ಅಟ್ಟಕ್ಕೆ ಏಣಿ ಸಾಕು, ಕೋಣೆಗೆ ಸಾಲದು. ಒಂಬತ್ತು ಅಡಿ ಏರಬೇಕಾದರೆ, ವಯಸ್ಸಾದವರೂ ಹತ್ತಬಲ್ಲ ಸುಮಾರು ಏಳೂಕಾಲು ಇಂಚಿನ ಹದಿನೈದು ಮೆಟ್ಟಿಲು ಬೇಕು. ಒಂದೊಂದು ಮೆಟ್ಟಿಲಿಗೆ ಹತ್ತಿಂಚು ಕಾಲಿಡುವ ಅಗಲ ಕೊಟ್ಟರೆ ಹನ್ನೊಂದೂವರೆ ಅಡಿಗೂ ಮಿಕ್ಕಿ ಉದ್ದ, ಮೂರು ಮೂರೂವರೆ ಅಡಿ ಅಗಲದ ಜಾಗ ಕೆಳಗಿನಿಂದ ಹೋಗುತ್ತದೆ. ಮೇಲೆ ಎರಡು ಕೋಣೆ ಮಾಡಲು ಹೋಗಿ ಕೆಳಗಿನ ಒಂದು ಕೋಣೆ ಕಳೆದುಕೊಂಡಂತೆ. ಮೆಟ್ಟಿಲನ್ನು ಕಡಿದಾಗಿ ಮಾಡಿದರೆ ಜಾಗ ಉಳಿಯುತ್ತದೆ, ಕಾಲು ಉಳಿಯುವುದಿಲ್ಲ. ಅಟ್ಟಕ್ಕೆ ಹಾರದವ ಬೆಟ್ಟಕ್ಕೆ ಹಾರಿಯಾನೇ ಎಂಬ ಗಾದೆ ಇದೆ. ಅರುವತ್ತು ದಾಟಿದ ಮೇಲೆ ನಮ್ಮಲ್ಲಿ ಅನೇಕರಿಗೆ ಅಟ್ಟವೇ ಬೆಟ್ಟ. ರಾತ್ರಿ ಎರಡು ಸಲ ಏಳಬೇಕಾದವರು ಕತ್ತಲೆಯಲ್ಲಿ ಕೆಳಗಿನ ಬಚ್ಚಲಿಗೆ ಇಳಿದು ಬರುವುದನ್ನು ಊಹಿಸಿಕೊಳ್ಳಿ. ಮೇಲೆಯೇ ಶೌಚಾಲಯ ಮಾಡಿಸಿದರೆ ಆಯಿತಲ್ಲ ಎನ್ನಬಹುದು. ಮರದ ನೆಲದ ಮೇಲೆ ನೀರಿನ ಕೆಲಸ ಎಂದರೆ ದಿನವೂ ಮಳೆಗಾಲ.

ಬೆಂಕಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಸುತ್ತ ಮರ, ಹಳೆಯ ವಯರಿಂಗು, ಅದನ್ನು ಕಡಿಯುವ ಇಲಿ, ಇಳಿಯಲು ಒಂದೇ ಮೆಟ್ಟಿಲು. ಮಕ್ಕಳನ್ನು ಮಲಗಿಸುವ ಕೋಣೆಗೆ ಇಳಿಯಲು ಇನ್ನೊಂದು ದಾರಿ, ಕನಿಷ್ಠ ಮನುಷ್ಯ ಹೊರಗೆ ಬರಬಲ್ಲ ಒಂದು ಕಿಟಕಿ ಇರಲೇಬೇಕು. ವಯರಿಂಗು ಹೊಸದಾಗಿ, ಪೈಪಿನೊಳಗೆ ಬರಬೇಕು. ವಿದ್ಯುತ್ ಸೋರಿದ ಕೂಡಲೇ ಕಡಿಯುವ ಸ್ವಿಚ್ ಬೇಕು. ಇದರಲ್ಲಿ ಉಳಿತಾಯ ಮಾಡುವಂತಿಲ್ಲ.

ಆರನೆಯ ಪ್ರಶ್ನೆಯನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಅಥವಾ ಕೇಳುವುದೇ ಇಲ್ಲ. ಮನೆ ಯಾರದ್ದು? ಅಳಿಯಕಟ್ಟಿನ ಮನೆಯಾದರೆ 1949ರ ಅಳಿಯಸಂತಾನ ಕಾಯ್ದೆಯ ಮೇಲೆ ಕವರುಗಳಿಗೆ ಪಾಲು ಕೇಳುವ ಹಕ್ಕಿದೆ. ಮಕ್ಕಳಕಟ್ಟಿನ ಮನೆಯಾದರೆ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಪಾಲಾಗದ ಮನೆಯಲ್ಲಿ ಒಬ್ಬರು ದುಡ್ಡು ಹಾಕಿ ಕೋಣೆ ಮಾಡಿಸಿದರೆ ಆ ಕೋಣೆ ಅವರದ್ದಾಗುವುದಿಲ್ಲ. ಆದರೆ ಮನಸ್ಸಿನಲ್ಲಿ ಅವರದ್ದಾಗಿಬಿಡುತ್ತದೆ. ಬೀಗದ ಕೈ ಯಾರ ಹತ್ತಿರ ಎಂಬಲ್ಲಿಂದ ಸುರುವಾದ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅದಕ್ಕಾಗಿ ಕೆಲಸ ಸುರುಮಾಡುವ ಮುಂಚೆ ಎಲ್ಲ ಪಾಲುದಾರರೂ ಒಂದು ಕಾಗದದಲ್ಲಿ ಮೂರು ಮಾತು ಬರೆದು ಸಹಿ ಹಾಕಲಿ. ದುಡ್ಡು ಯಾರದ್ದು, ಬಳಕೆ ಯಾರದ್ದು, ಮುಂದೆ ಪಾಲಾದರೆ ಈ ಖರ್ಚಿನ ಲೆಕ್ಕ ಏನು? ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ, ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ದೂರದಲ್ಲಿರುವ ನಮಗೆ ಕಾಗದ ಸರಿಯಾಗಿರುವುದೇ ಕಾವಲು.

ಇದರ ಜೊತೆಗೆ ಮನೆಯ ನಡಾವಳಿ ಎಂಬುದೊಂದಿದೆ. ದೇವರ ಕೋಣೆಯ ಮೇಲೆ, ದೈವದ ಚಾವಡಿಯ ಮೇಲೆ ಕಾಲಿಡಬಾರದೆಂಬ ಕ್ರಮ ನಮ್ಮ ಅನೇಕ ಮನೆಗಳಲ್ಲಿದೆ. ನಿಮಗೆ ನಂಬಿಕೆ ಇರಲಿ, ಇಲ್ಲದಿರಲಿ, ಕೆಳಗೆ ದಿನಾ ದೀಪ ಹಚ್ಚುವವರಿಗೆ ಇದೆ. ಅವರನ್ನು ಕೇಳದೆ ಮೇಲೆ ಮಂಚ ಹಾಕಿಸಿದರೆ ಆ ಮಂಚದಲ್ಲಿ ನಿದ್ದೆ ಬರುವುದಿಲ್ಲ. ಅಟ್ಟದ ಯಾವ ಭಾಗ ಯಾವುದರ ಮೇಲೆ ಬರುತ್ತದೆ ಎಂದು ಮೊದಲೇ ನೋಡಿ.

ಹಾಗಾದರೆ ಅಟ್ಟದ ಕೆಲಸ ಯಾರೂ ಮಾಡಿಸಬಾರದೇ? ಹಾಗಲ್ಲ. ಮಾಡಿಸಬೇಕಾದ ಮನೆಗಳೂ ಇವೆ. ಮುಂಬಯಿ ಬಿಟ್ಟು ಊರಿನಲ್ಲಿಯೇ ನೆಲೆಸಲು ಒಬ್ಬರು ನಿಜವಾಗಿ ಹೊರಟಿದ್ದಾರೆ, ಕಂಪ್ಯೂಟರ್ ಎದುರು ಕುಳಿತು ಊರಿನಿಂದಲೇ ದುಡಿಯುವ ಮಗನೋ ಮಗಳೋ ಇದ್ದಾರೆ, ಮಾಡು ಎತ್ತರವಾಗಿದೆ, ಮರ ಗಟ್ಟಿ ಇದೆ, ಪಾಲುದಾರರು ಒಪ್ಪಿದ್ದಾರೆ. ಇಷ್ಟು ಕೂಡಿ ಬಂದರೆ ಧೈರ್ಯವಾಗಿ ಮಾಡಿಸಿ. ಹಾಗೆ ಮಾಡಿಸುವಾಗ ಕೆಲವು ಸಂಗತಿ ನೆನಪಿಡಿ. ಇಡೀ ಅಟ್ಟವನ್ನು ಮುಚ್ಚಬೇಡಿ, ನಡುವಿನ ಎತ್ತರದ ಭಾಗವನ್ನಷ್ಟೇ ಕೋಣೆ ಮಾಡಿ. ಎರಡೂ ಬದಿಯ ತಗ್ಗು ಜಾಗಕ್ಕೆ ಸಣ್ಣ ಬಾಗಿಲಿಟ್ಟು, ನುಸುಳಿ ಹೋಗಿ ಮಾಡನ್ನು ನೋಡುವಂತೆ ಬಿಡಿ. ಸೀಲಿಂಗನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಹಾಕಿಸಿ, ಹಂಚಿಗೂ ಅದಕ್ಕೂ ನಡುವೆ ಗಾಳಿಯಾಡಲು ಸಂದಿ ಇರಲಿ, ಎರಡು ತುದಿಯ ಗೋಡೆಗಳಲ್ಲಿ ಜಾಲರಿ ಹೊಡೆದ ಗಾಳಿಕಿಂಡಿ ಇರಲಿ. ಬೆಳಕಿಗೆ ನಾಲ್ಕು ಗಾಜಿನ ಹಂಚು ಸಾಕು. ಮುಚ್ಚಿಗೆಯ ಮಣ್ಣು ತೆಗೆಯುವುದಾದರೆ ಕೆಳಗಿನ ಕೋಣೆಗೆ ಸೆಖೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ನೆಲಕ್ಕೆ ಹಲಗೆಯೇ ಇರಲಿ. ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿದು, ಎಪ್ರಿಲ್ ಒಳಗೆ ಮಾಡು ಮುಚ್ಚಿ ಮುಗಿಸಿ. ಜೂನ್ ಮೊದಲ ವಾರ ಮಳೆ ಬಾಗಿಲಿಗೆ ಬರುತ್ತದೆ. ಅರ್ಧ ಬಿಚ್ಚಿದ ಮಾಡನ್ನು ಮುಂಬಯಿಯಿಂದ ಫೋನಿನಲ್ಲಿ ಮುಚ್ಚಿಸಲಾಗದು.

ಇಷ್ಟೆಲ್ಲ ಕೂಡಿ ಬರದಿದ್ದರೆ, ತೆಗೆದಿಟ್ಟ ದುಡ್ಡನ್ನು ಬೇರೆ ಕಡೆ ಹಾಕಿ. ಮೊದಲು ಮಾಡಿಗೆ. ಒಡೆದ ಹಂಚು, ಕುಟ್ಟೆ ಹಿಡಿದ ರೀಪು ಬದಲಾಯಿಸಿ, ಮರಕ್ಕೆ ಹುಳದ ಮದ್ದು ಹೊಡೆಸಿ. ಬರುವ ವರ್ಷಕ್ಕೆಂದು ಇನ್ನೂರು ಹಂಚು ತಂದು ಬದಿಗಿಡಿ. ಆಮೇಲೆ ಕೆಳಗೆ, ಮಲಗುವ ಕೋಣೆಗೆ ಹೊಂದಿಕೊಂಡಂತೆ, ಕೈಹಿಡಿ ಇರುವ ಒಂದು ಒಳ್ಳೆಯ ಶೌಚಾಲಯ ಮಾಡಿಸಿ. ದನ ಇಲ್ಲದ ಹಟ್ಟಿ ಇದ್ದರೆ, ಸೌದೆಯ ಕೊಟ್ಟಿಗೆ ಇದ್ದರೆ ಅದರ ಗೋಡೆ ಏರಿಸಿ ಒಂದು ಕೋಣೆ ಮಾಡಿಸುವುದು ಅಟ್ಟಕ್ಕಿಂತ ಎಷ್ಟೋ ಸುಲಭ. ಅಲ್ಲಿ ಮೆಟ್ಟಿಲಿಲ್ಲ, ತಲೆ ತಗಲುವುದಿಲ್ಲ, ಸೋರಿದರೆ ಕಾಣುತ್ತದೆ. ಎಲ್ಲರೂ ಕೂಡುವ ಆ ಹನ್ನೆರಡು ರಾತ್ರಿಗೆ ಚಾವಡಿ ಇದೆ, ಜಗಲಿ ಇದೆ. ಮಡಚುವ ಮಂಚ ನಾಲ್ಕು, ಚಾಪೆ ಹತ್ತು, ಸೊಳ್ಳೆಪರದೆ ನಾಲ್ಕು. ಸಾಲುಸಾಲಾಗಿ ಮಲಗಿ ಅರ್ಧರಾತ್ರಿಯವರೆಗೆ ಮಾತಾಡುವ ಮಕ್ಕಳಿಗೆ ಬೇರೆ ಬೇರೆ ಕೋಣೆ ಬೇಕೆಂದು ಅನಿಸುವುದು ನಮಗೆ, ಅವರಿಗಲ್ಲ.

ಅಟ್ಟದಲ್ಲಿ ಏನಿದೆ ಎಂದು ಈ ಸಲ ಹೋದಾಗ ಹತ್ತಿ ನೋಡಿ. ಬೇಡದ್ದನ್ನು ಇಳಿಸಿ, ಗುಡಿಸಿ, ಗಾಳಿಯಾಡಲು ಬಿಡಿ. ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರ ಯಾರು ಹತ್ತಿ ಮಾಡು ನೋಡಬೇಕು ಎಂದು ಒಬ್ಬರನ್ನು ಗೊತ್ತುಮಾಡಿ, ಅದಕ್ಕೆ ಸಂಬಳ ಕೊಡಿ, ಅವರು ಮೊಬೈಲಿನಲ್ಲಿ ಹತ್ತು ಚಿತ್ರ ತೆಗೆದು ಕಳುಹಿಸಲಿ. ಹಂಚಿನ ಮನೆ ಬೀಳುವುದು ಕೋಣೆ ಕಡಿಮೆಯಾಗಿ ಅಲ್ಲ, ಮೇಲೆ ಹತ್ತಿ ನೋಡುವವರಿಲ್ಲದೆ. ಆ ಒಬ್ಬರನ್ನು ಗೊತ್ತುಮಾಡಿದ ಮೇಲೂ ಕೋಣೆ ಬೇಕೆನಿಸಿದರೆ ಆಗ ಅಳತೆ ಟೇಪು ತೆಗೆಯಿರಿ.